ಬೇನೆಯ ಗಂಜಿ

"ಹೆರು ತನಕ ಒಂದ್ ತೊಟ್ಟ್ ನೀರೂ ಬಾಯಿಗ್ ಹಾಕುಕಾಗ. ಗೊತ್ತಾಯ್ತಾ?"

ಆಚೆ ಬೀದಿಗೂ ಕೇಳಿಸುವಂತೆ ಉಪವಾಸದ ಅಪ್ಪಣೆ ಕೊಟ್ಟು ನರ್ಸ್ ಕುಸುಮಾವತಿ ವನಜಳ ಹೊಟ್ಟೆಯ ಮೇಲಿಂದ ಕೈ ತೆಗೆದರು. ವನಜ ತಲೆಯಾಡಿಸಿದಳು. ಬೆಳಿಗ್ಗೆ ಕೆರಾಡಿಯಿಂದ ಮೊದಲ ಬಸ್ಸಿಗೆ ಅವಳನ್ನು ಕುಂದಾಪುರಕ್ಕೆ ಕರೆತಂದ ಅತ್ತೆ, ಹಟ್ಟಿಯಲ್ಲಿ ದನ ಕರೆಯುವವರಿಲ್ಲವೆಂದು ಹತ್ತು ಗಂಟೆಯ ಬಸ್ಸಿಗೇ ತಿರುಗಿ ಹೋಗಿದ್ದರು. ಮಧ್ಯಾಹ್ನ ಬರುತ್ತೇನೆಂದಿದ್ದ ನಾದಿನಿಯ ಸುಳಿವಿಲ್ಲ. ಗಂಡನಂತೂ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಕಾಗದ ಮುಟ್ಟುವ ಹೊತ್ತಿಗೆ ಮಗುವಿಗೆ ಹೆಸರೂ ಇಟ್ಟಾಗಿರುತ್ತದೆ.

ಆ ಖಾಸಗಿ ಹೆರಿಗೆ ಮನೆಯ ಬೇನೆ ಕೋಣೆಯಲ್ಲಿ ಎರಡೇ ಮಂಚ. ಪಕ್ಕದ ಮಂಚದಲ್ಲಿ ಬಸ್ರೂರಿನ ಸರಸ. ಅವಳ ಜೊತೆಗೆ ಅಮ್ಮ, ಚಿಕ್ಕಮ್ಮ, ಒಂದು ಬುಟ್ಟಿ ಸಾಮಾನು. ನರ್ಸಿನ ಚಪ್ಪಲಿಯ ಸದ್ದು ದೂರವಾದದ್ದೇ ತಡ, ಸರಸಳ ಅಮ್ಮನ ಸೆರಗಿನೊಳಗಿಂದ ಹಿತ್ತಾಳೆಯ ಚೊಂಬೊಂದು ಹೊರಬಂತು.

"ಬೇಗ ಕುಡಿ ಮಗಾ, ಆ ಮಾರಿ ಬಪ್ಪುದ್ರೊಳ್ಗೆ."

ಚಿಕ್ಕಮ್ಮ ಬಾಗಿಲು ಕಾದಳು. ಬಿಸಿ ಗಂಜಿ ತಿಳಿ, ಮೇಲೆ ತುಪ್ಪ. ಅದರ ಪರಿಮಳ ವನಜಳ ಮೂಗಿಗೆ ಬಡಿದು ಹೊಟ್ಟೆ ಚುರುಗುಟ್ಟಿತು. ಸರಸಳ ಅಮ್ಮ ಒಮ್ಮೆ ಇತ್ತ ನೋಡಿದರು, ಮುಖ ಸಣ್ಣದು ಮಾಡಿಕೊಂಡು ಬೆನ್ನು ತಿರುಗಿಸಿ ಕುಳಿತರು. ಅವರು ಕೆಟ್ಟವರಲ್ಲ. ಬೇನೆ ತಿನ್ನುವ ಮಗಳಿಗೆಂದು ಬೇಯಿಸಿದ ಗಂಜಿಯನ್ನು ಇನ್ನೊಬ್ಬ ಬೇನೆಯವಳಿಗೆ ಕೊಟ್ಟರೆ ಮಗಳ ಬಲವೂ ಅದರ ಜೊತೆಗೇ ಹೋಗುತ್ತದೆಂದು ಅವರ ಕಡೆಯ ಮುದುಕಿಯರು ನಂಬಿದ್ದರು. ಅದು ವನಜಳಿಗೂ ಗೊತ್ತು. ಗೊತ್ತಿಲ್ಲದಿದ್ದರೂ ಅವಳು ಕೇಳುತ್ತಿರಲಿಲ್ಲ. ಸೋದರಮಾವನ ಮನೆಯಲ್ಲಿ ಬೆಳೆದವಳು. ಬಡಿಸಿದಷ್ಟನ್ನು ಉಂಡು, ಬಡಿಸದಿದ್ದರೆ ತುಟಿ ಪಿಟಕ್ಕೆನ್ನದೆ ಎದ್ದು ಕೈ ತೊಳೆದವಳು. ಆದರೂ ಆ ತಿರುಗಿದ ಬೆನ್ನು ನೋಡಿ ಅವಳಿಗೆ ಬೇನೆಗಿಂತ ಹೆಚ್ಚು ಅಳು ಬಂತು.

ಮೂರು ಗಂಟೆಯ ಹೊತ್ತಿಗೆ ಸರಸ ಕೂಗಿ ರಂಪ ಮಾಡಿ ಒಂದು ಗಂಡು ಹೆತ್ತಳು. ಮಗುವನ್ನು ಒರೆಸಿ ಅಜ್ಜಿಯ ಕೈಗಿಟ್ಟು ಕುಸುಮಾವತಿ ಇತ್ತ ಬಂದರು. ವನಜಳ ತುಟಿ ಒಣಗಿ ಬಿರಿದಿತ್ತು. ಬೇನೆ ಬಂದಾಗ ತಿಣುಕಲು ನೋಡುತ್ತಿದ್ದಳು, ಅರ್ಧಕ್ಕೇ ಸೋತು ಬೀಳುತ್ತಿದ್ದಳು.

"ಇದೆಂತ ಹೆಣ್ಣೇ, ಬೇನಿ ಬತ್ತಿತ್ತ್, ಬಲ ಬತ್ತಿಲ್ಲೆ. ಹೀಂಗಾರೆ ಡಾಕ್ಟ್ರ್ ಬಂದ್ ಚಿಮಟಿ ಹಾಕಿ ಎಳೀಕಾತ್ತ್. ಬೆಳ್ಗಿಂದ ಎಂತ ಕುಡ್ದೆ?"

"ಎಂತದೂ ಇಲ್ಲೆ."

"ಸುಳ್ಳ್ ಹೇಳ್ಬೇಡ. ನಾನ್ ಬೈತಿಲ್ಲೆ."

"ದೇವ್ರಾಣಿ ಇಲ್ಲೆ. ನೀವ್ ಕುಡುಕಾಗ ಅಂದ್ರಿ ಅಲ್ದಾ?"

ಕುಸುಮಾವತಿ ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಎಷ್ಟು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು! ಮೂರ್ಛೆಯ ಮದ್ದು ಕೊಡಬೇಕಾಗಿ ಬಂದರೆ ವಾಂತಿಯಾದೀತೆಂದು ಡಾಕ್ಟರು ಹೇಳಿಸುತ್ತಿದ್ದರು, ಇವರು ಹೇಳುತ್ತಿದ್ದರು. ಅದನ್ನು ಪಾಲಿಸಿದವಳೊಬ್ಬಳನ್ನು ಅವರು ಇವತ್ತೇ ಕಂಡದ್ದು.

"ಅಯ್ಯೋ ಮಾರಾಯ್ತಿ, ಕುಡುಕಾಗ ಅಂಬುದ್ ನನ್ ಕೆಲ್ಸ. ಕದ್ದ್ ತಂದ್ ಕುಡ್ಸುದ್ ಅಮ್ಮಂದಿರ್ ಕೆಲ್ಸ. ನಿನ್ನಮ್ಮ ಎಲ್ಲಿ?"

"ಇಲ್ಲೆ. ನಂಗೆ ಏಳ್ ವರ್ಷ ಇಪ್ಪಾಗ್ಳೇ ತೀರಿ ಹೋಯ್ರ್."

ಕುಸುಮಾವತಿ ಥಟ್ಟನೆ ಎದ್ದು ಹೊರಗೆ ಹೋದರು. ಎದುರು ಮಾತಾಡಿ ಸಿಟ್ಟು ಬರಿಸಿದೆನೇನೋ ಎಂದು ವನಜ ಹೆದರಿದಳು. ಮುಂದಿನ ಬೇನೆ ಬಂದಾಗ ಹಿಡಿದುಕೊಳ್ಳಲು ಮಂಚದ ಕಬ್ಬಿಣ ಬಿಟ್ಟರೆ ಏನೂ ಸಿಗಲಿಲ್ಲ. ಹತ್ತಿರದಲ್ಲೇ ಅಜ್ಜಿಯೂ ಚಿಕ್ಕಮ್ಮನೂ ಮಗುವಿನ ಮೂಗು ಯಾರದೆಂದು ಚರ್ಚೆ ಮಾಡುತ್ತಿದ್ದರು. ಇಲ್ಲೇ ಪ್ರಾಣ ಹೋದರೂ ಕೆರಾಡಿಗೆ ಸುದ್ದಿ ಹೋಗುವುದು ನಾಳೆಯ ಬಸ್ಸಿಗೆ ಎಂದು ಅವಳಿಗೆ ಅನ್ನಿಸಿತು.

ಕುಸುಮಾವತಿ ಬಂದರು. ಕೈಯಲ್ಲಿ ಬಟ್ಟಲು. ಹಿಂದಿನ ಕೋಣೆಯಲ್ಲಿ ತನ್ನ ಊಟಕ್ಕೆಂದು ಇಟ್ಟಿದ್ದ ಗಂಜಿಯನ್ನು ಸೋಸಿ, ಬಿಸಿ ಮಾಡಿ ತಂದಿದ್ದರು. ಎಲ್ಲರೂ ನೋಡುತ್ತಿದ್ದಂತೆಯೇ ವನಜಳ ಕುತ್ತಿಗೆಯಡಿಗೆ ತೋಳು ಕೊಟ್ಟು ಎಬ್ಬಿಸಿ, "ಬಾಯ್ ತೆಗಿ" ಎಂದರು. ಒಂದು ಚಮಚ. ಇನ್ನೊಂದು. ಸರಸಳ ಅಮ್ಮ ಮೂಗಿನ ವಿಷಯ ಬಿಟ್ಟು ಬಾಯಿ ಕಳೆದು ನೋಡಿದರು.

ಐದಾರು ಚಮಚ ಒಳಗೆ ಇಳಿದ ಮೇಲೆ ವನಜಳ ಕಣ್ಣಿಗೆ ಬೆಳಕು ಬಂತು. ಬಟ್ಟಲನ್ನೊಮ್ಮೆ, ಆ ತೋಳನ್ನೊಮ್ಮೆ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಉಪ್ಪೇ ಹಾಕ್ಲಿಲ್ಲೆ! ಇಷ್ಟ್ ಚಪ್ಪೆ ಗಂಜಿ ಯಾರ್ ಕುಡಿತ್ರ್?"

ಡಾಕ್ಟರ ಹೆಂಡತಿಯೂ ಹೆದರುವ ಕುಸುಮಾವತಿ ಚಮಚವನ್ನು ಬಟ್ಟಲಿಗೆ ಹಾಕಿ, "ತಡಿ ಮಗಾ, ತತ್ತೆ" ಎಂದು ಉಪ್ಪಿಗೆ ಓಡಿದರು.