ಹಟ್ಟಿಯೊಳಗಿನ ದಾರಂದ

ಅಜ್ಜಿ ನೇರವಾಗಿ ಕೇಳಿಯೇಬಿಟ್ಟರೆ ತಾನು ಏನು ಹೇಳುವುದು? ಹೊಸ ಅಕ್ಕಿಯ ಅನ್ನ ಉಣ್ಣುವ ಹೊಸ್ತಿನ ದಿನ ಬೆಳಿಗ್ಗೆ ಎದ್ದಾಗಿನಿಂದ ಅಕ್ಷಯಾಳ ತಲೆಯೊಳಗೆ ಇದೊಂದೇ ಪ್ರಶ್ನೆ ಸುತ್ತುತ್ತಿತ್ತು. ಗುಟ್ಟು ಕಾಯುವುದು ಅವಳಿಗೆ ಕಷ್ಟದ ಕೆಲಸವಲ್ಲ. ಡಿಗ್ರಿ ಮುಗಿಸಿದರೂ ನಾಲ್ಕು ಜನರೆದುರು ಬಾಯಿ ತೆರೆಯದ ಹುಡುಗಿ ಅವಳು. ಅದಕ್ಕೇ ಅಮ್ಮನ ತಂಗಿ ಸ್ನೇಹಲತಾ ಚಿಕ್ಕಮ್ಮ ಐರ್ಲೆಂಡಿನಿಂದ ಫೋನು ಮಾಡಿ ಅವಳೊಬ್ಬಳಿಗೇ ಹೇಳಿದ್ದರು: "ಮಗಾ, ನಾನ್ ಇಲ್ಲೇ ಒಂದ್ ಮನಿ ತಕಂಡೆ. ಅಮ್ಮಂಗೆ ಹೊಸ್ತಿನ ದಿನ ನಾನೇ ಹೇಳ್ತೆ. ಅಲ್ಲಿವರಿಗೆ ನೀ ಬಾಯ್ ಬಿಡ್ಬೇಡ."

ಸುಂದರಿ ಅಜ್ಜಿ ಆಗಲೇ ಕದಿರು ಕಟ್ಟುತ್ತಾ ಹೊರಟಿದ್ದರು. ಗದ್ದೆಯಿಂದ ತಂದ ಹೊಸ ಭತ್ತದ ತೆನೆಗಳನ್ನು ಮಾವಿನೆಲೆ, ಹಲಸಿನೆಲೆಯ ಜೊತೆ ನಾರಿನಲ್ಲಿ ಸುತ್ತಿ ಮನೆಬಾಗಿಲಿಗೆ, ತುಳಸಿಕಟ್ಟೆಗೆ, ಬಾವಿಯ ಕಂಬಕ್ಕೆ, ಪಂಪ್‌ಶೆಡ್ಡಿಗೆ, ಅಕ್ಷಯಾಳ ಸ್ಕೂಟರಿನ ಕನ್ನಡಿಗೂ ಒಂದು ಕಟ್ಟಿಯಾಯಿತು. ನಮ್ಮದು ಅನ್ನಿಸಿಕೊಂಡದ್ದು ಯಾವುದೂ ಆ ದಿನ ಕದಿರಿಲ್ಲದೆ ಇರಕೂಡದು.

ಕೊನೆಯ ಕದಿರು ಪ್ರತಿ ವರ್ಷವೂ ದನದ ಹಟ್ಟಿಯೊಳಗಿನ ದಾರಂದಕ್ಕೆ. ಚಿಕ್ಕಮ್ಮ ನರ್ಸ್ ಕೆಲಸಕ್ಕೆಂದು ವಿಮಾನ ಹತ್ತಿದ ವರ್ಷ ಅಜ್ಜಿ ಅಂಗಳದ ಹಲಸಿನ ಮರ ಕಡಿಸಿ ಮಾಡಿಸಿಟ್ಟ ಬಾಗಿಲ ಚೌಕಟ್ಟು ಅದು. ಮಗಳು ತಿರುಗಿ ಬಂದು ತೋಟದ ಬದಿಯ ಜಾಗದಲ್ಲಿ ಮನೆ ಕಟ್ಟುವಾಗ ನಿಲ್ಲಿಸಬೇಕು ಅಂತ. ಆಮೇಲೆ ಚಿಕ್ಕಮ್ಮ ಕಳಿಸಿದ್ದರಲ್ಲಿ ಇಲ್ಲಿಯ ಸೋರುವ ಮಾಡು ಹೋಗಿ ಹೊಸದು ಬಂತು, ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು, ಅಕ್ಷಯಾ ನಾವುಂದದಿಂದ ಬಸ್ಸು ಹತ್ತಿ ಕುಂದಾಪುರದ ಕಾಲೇಜಿಗೆ ಹೋಗಿ ಬಂದಳು. ದಾರಂದ ಮಾತ್ರ ಮನೆಯಿಲ್ಲದೆ ಗೋಡೆಗೆ ಒರಗಿ ನಿಂತೇ ಇತ್ತು.

"ಹ್ವಾಯ್, ಆ ಧೂಳ್ ಒಂಚೂರ್ ಒರ್ಸ್ ಮಗಾ," ಎಂದರು ಅಜ್ಜಿ, ಕದಿರು ಹಿಡಿದು. "ಬಪ್ಪು ವರ್ಷ ಇದನ್ನ ನಿಲ್ಸುದೇ. ನಿನ್ ಚಿಕ್ಕಮ್ಮ ಎಂತಾರೂ ಹೇಳಿದ್ಲಾ?"

ಅಕ್ಷಯಾ ಬಟ್ಟೆಯಿಂದ ಇನ್ನಷ್ಟು ಜೋರಾಗಿ ತಿಕ್ಕಿದಳು.

"ನಿನ್ ಹತ್ರವೇ ಕೇಂಡದ್ದ್. ಕಾಲೇಜಿಗ್ ಹೋಯಿ ಕಲ್ತದ್ದ್ ಬಾಯ್ ಮುಚ್ಚುಕಾ?"

ಪುಣ್ಯಕ್ಕೆ ಫೋನು ಬಡಿದುಕೊಂಡಿತು. ಚಿಕ್ಕಮ್ಮನದೇ ವಿಡಿಯೋ ಕಾಲ್. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ತಲೆಗೆ ಉಣ್ಣೆಯ ಟೊಪ್ಪಿ ಹಾಕಿಕೊಂಡು ಹೊರಗೆ ನಿಂತಿದ್ದರು. "ಅಮ್ಮಾ, ಇಲ್ಲ್ ಒಂಚೂರ್ ಕಾಣಿ," ಎನ್ನುತ್ತಾ ಫೋನು ತಿರುಗಿಸಿದರು. ಒಂದು ನೀಲಿ ಬಾಗಿಲು. ಅದರ ಮೇಲೊಂದು ಮೊಳೆ. ಮೊಳೆಗೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ತೆನೆಗಳ ಕಟ್ಟು.

"ಇಲ್ಲ್ ಭತ್ತ ಎಲ್ಲಿ ಸಿಕ್ಕತ್ತ್? ಇದ್ ಹತ್ರದ್ ಗದ್ದಿ ಬಾರ್ಲಿ. ಮಾವಿನೆಲಿ ಬದ್ಲ್ ಇಲ್ಲಿದೇ ಯಾವ್ದೋ ಎಲಿ. ಆತ್ತಲ್ದಾ ಅಮ್ಮಾ?"

ಅಜ್ಜಿಯ ಮುಖ ಅರಳಿತು. ಮರುಕ್ಷಣವೇ ಬಿಗಿಯಿತು.

"ಎಂತ ಮಾಡಿದ್ಯೆ ಹೆಣ್ಣೆ? ಹೆರವರ ಮನಿ ಬಾಗ್ಲಿಗೆ ಕದ್ರ್ ಕಟ್ಟಿದ್ಯಾ? ನಾಳೆ ಬಾಡಿಗಿ ಬಿಟ್ಟ್ ಬಪ್ಪುವಳ್ ನೀನ್. ಕದ್ರ್ ಕಟ್ಟಿದ್ ಮನಿ ಬಿಟ್ಟ್ ಬಪ್ಪುಕಾಗ. ಬಿಚ್ಚ್ ಅದನ್ನ!"

ಆಸ್ಪತ್ರೆಯಲ್ಲಿ ಇಡೀ ವಾರ್ಡು ನಡೆಸುವ ಚಿಕ್ಕಮ್ಮ ಈಗ ಪಾಠ ಮರೆತ ಮಗುವಿನಂತೆ ನಿಂತುಬಿಟ್ಟಿದ್ದರು. ಹೇಳುತ್ತೇನೆಂದಿದ್ದ ಮಾತಿನ ಬದಲು "ಆಯ್ತಮ್ಮ," ಎಂದಷ್ಟೇ ಅಂದರು. ಅವರ ಕೈ ನಿಧಾನವಾಗಿ ಗಂಟಿನ ಕಡೆಗೆ ಹೋಯಿತು.

ಅಕ್ಷಯಾಳ ಕಣ್ಣು ಆ ಮೊಳೆಯ ಮೇಲೇ ಇತ್ತು. ಬಾಡಿಗೆ ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಯಜಮಾನರನ್ನು ಕೇಳಬೇಕು, ಅದಕ್ಕೇ ಇಷ್ಟು ವರ್ಷ ದೇವರ ಫೋಟೋ ಸೂಟ್‌ಕೇಸಿನ ಮೇಲೇ ಉಳಿಯಿತು ಎಂದು ಚಿಕ್ಕಮ್ಮ ಒಮ್ಮೆ ನಗುತ್ತಾ ಹೇಳಿದ್ದರು. ಅವಳ ಫೀಸು ಕಟ್ಟುತ್ತಿದ್ದ ವರ್ಷಗಳೂ ಅವೇ. ಯಾರನ್ನೂ ಕೇಳದೆ ಅವರು ಹೊಡೆದ ಮೊದಲ ಮೊಳೆ ಇದು.

"ಬಿಚ್ಬೇಡಿ ಚಿಕ್ಕಮ್ಮಾ!"

ತನ್ನ ದನಿಗೆ ಅವಳೇ ಬೆಚ್ಚಿದಳು. ಮೂಲೆಯಲ್ಲಿದ್ದ ಕರುವೂ ಕಿವಿ ನಿಮಿರಿಸಿತು.

"ಅಜ್ಜಿ, ಅದ್ ಹೆರವರ ಮನಿ ಅಲ್ಲ. ಚಿಕ್ಕಮ್ಮಂದೇ ಮನಿ. ಅವ್ರೇ ತಕಂಡದ್ದ್. ನಮ್ಗೆಲ್ಲ ಮಾಡಿ ಮುಗ್ದ್ ಮೇಲೆ, ತನ್ಗೆ ಅಂದೇಳಿ ಅವ್ರ್ ಮಾಡ್ಕಂಡದ್ ಅದೊಂದೇ."

ಪರದೆಯ ಮೇಲೆ ಚಿಕ್ಕಮ್ಮನ ಕೈ ಗಂಟಿನ ಮೇಲೆಯೇ ನಿಂತಿತ್ತು. ಅಜ್ಜಿ ಒಮ್ಮೆ ದಾರಂದ ನೋಡಿದರು, ಒಮ್ಮೆ ತಮ್ಮ ಕೈಯ ಕದಿರು ನೋಡಿದರು. ಆಮೇಲೆ ಅಕ್ಷಯಾಳ ಕೈಯಿಂದ ಫೋನು ತೆಗೆದುಕೊಂಡು, ಆಪರೇಷನ್ ಆದ ಕಣ್ಣಿನ ಹತ್ತಿರ ಹಿಡಿದು, ಆ ನೀಲಿ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಗಂಟ್ ಸಡ್ಲ ಆಯ್ತ್ ಕಾಣ್," ಎಂದರು. "ಇನ್ನೊಂದ್ ಸುತ್ತ್ ಹಾಕಿ ಬಿಗಿ."