ಒಳಮಡಿಕೆ

ಗದಗಿನ ಆ ದವಾಖಾನೆಯಲ್ಲಿ ಜನ ಹಲ್ಲು ಕೀಳಿಸಿಕೊಂಡಷ್ಟೇ ಸಲೀಸಾಗಿ ಕಾಮವನ್ನೂ ಕೀಳಿಸಿಕೊಂಡು ಹೋಗುತ್ತಿದ್ದರು. ಟೇಲರ್ ವಿರೂಪಣ್ಣನ ಸರದಿ ಬಂತು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೇಡವೆಂದರೂ ಏಳುವ ಬಯಕೆಯಿಂದ ಕತ್ತರಿ ದಾರಿ ತಪ್ಪಿ, ಈ ವಾರವೇ ಹೆಂಗಸರ ಮೂರು ಜಂಪರ್ ಕೆಟ್ಟಿದ್ದವು.

“ಪೂರಾ ತೆಗೆದುಬಿಡ್ಲೇನ್ರಿ?” ಡಾಕ್ಟರಮ್ಮ ಯಂತ್ರದ ಗುಂಡಿಗೆ ಕೈಯಿಟ್ಟರು. “ಎಲ್ಲಾರೂ ಹಂಗ ಮಾಡಿಸ್ಕೋತಾರ.”

ವಿರೂಪಣ್ಣ ನಾಚಿ, ಕೊರಳಲ್ಲಿದ್ದ ಟೇಪು ಬೆರಳಿಗೆ ಸುತ್ತಿಕೊಂಡ. “ಜಂಪರ್ ಸಡ್ಲಾದ್ರ ನಾವು ಅರಿವಿ ಕತ್ತರಸಂಗಿಲ್ರಿ ಮೇಡಂ. ಒಳಗ ಮಡಚಿ ಹೊಲಿಗಿ ಹಾಕ್ತೀವಿ. ನಾಳೆ ಮೈ ತುಂಬಿದ್ರ ಬಿಚ್ಚಾಕ ಬರ್ತೈತಿ.”

ಡಾಕ್ಟರಮ್ಮ ನಕ್ಕು, ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದರು. “ಆತು, ಮಡಚೂಣು.”

ಆ ಸಂಜೆ ಕತ್ತರಿ ಗೆರೆ ಬಿಡದೆ ಓಡಿತು. ವಿರೂಪಣ್ಣ ಬಹಳ ದಿನಗಳ ಮೇಲೆ ತನಗೇ ಒಂದು ಅಂಗಿ ಕತ್ತರಿಸಿದ, ಒಳಗೆ ಮಡಚಲು ಎರಡು ಬೆರಳಷ್ಟು ಬಟ್ಟೆ ಬಿಟ್ಟು.