ಪದಕ ತೊಳೆದದ್ದು

"ತೊಳೆಯದೆ ಹಾಕ್ಕೊಂಡ್ರೆ ಅದು ಪದಕ ಅಲ್ಲ ಕಣೇ, ಕೋಟಿನ ಗುಂಡಿ," ಎಂದ ತಿಮೋಖ್.

ಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ, ಆ ಬೆಳಿಗ್ಗೆ ಅವನ ಶೌರ್ಯಪದಕ ಬಂದಿತ್ತು. ನಾಳೆ ವಿಜಯದ ದಿನದ ಮೆರವಣಿಗೆ. ಹೆಂಡತಿ ಯಾದ್ವಿಗಾ ಆಗಲೇ ಕೋಟಿಗೆ ಇಸ್ತ್ರಿ ಹಾಕಿಟ್ಟಿದ್ದಳು.

"ಹಾಗಾದ್ರೆ ತೊಳಿ. ಸಾರಾಯಿ ಇದೆ, ಲೋಟ ಇದೆ, ಬಾಯಂತೂ ಇದ್ದೇ ಇದೆ."

"ಸಿಪಾಯಿಗಳ ಪದ್ಧತಿ ಇದು, ಒಬ್ಬನೇ ತೊಳೆಯೋ ಹಾಗಿಲ್ಲ. ನಮ್ಮ ತುಕಡಿಯವನೇ ಸುರೀಬೇಕು, ಅವನೇ ಎದೆಗೆ ಚುಚ್ಚಬೇಕು."

ಯಾದ್ವಿಗಾ ಕಿಟಕಿಯಾಚೆ ನೋಡಿದಳು. ಬೇಲಿಯಾಚೆ ಕೊಂದ್ರಾತ್ ಸೌದೆ ಸೀಳುತ್ತಿದ್ದ. ಆ ತುಕಡಿಯವನೆಂದು ಊರಲ್ಲಿ ಉಳಿದಿದ್ದವನು ಅವನೊಬ್ಬನೇ. ಗುಂಡೇಟು ತಿಂದ ಅವನನ್ನು ತಿಮೋಖ್ ಬೆನ್ನ ಮೇಲೆ ಹೊತ್ತು ಬೆರೆಜಿನಾ ಹೊಳೆ ದಾಟಿಸಿದ್ದಕ್ಕೇ ಈ ಪದಕ. ಆದರೆ ಹೋದ ವಸಂತದಲ್ಲಿ ಕೊಂದ್ರಾತನ ಆಡು ನುಗ್ಗಿ ತಿಮೋಖನ ಕೋಸಿನ ಸಸಿಗಳನ್ನೆಲ್ಲ ಮೇಯ್ದಿತ್ತು. ಅಂದಿನಿಂದ ಮಾತಿಲ್ಲ. ಹೊಳೆ ದಾಟಿದವರಿಗೆ ಬೇಲಿ ದಾಟಲಾಗಿರಲಿಲ್ಲ.

ತಿಮೋಖ್ ಕೋಟು ತೊಟ್ಟು ಬೇಲಿಯ ಹತ್ತಿರ ಹೋಗಿ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಕೊಡಲಿ ನಿಂತಿತು.

"ಏನು, ಕೋಸಿನ ಲೆಕ್ಕ ಕೇಳೋಕೆ ಬಂದ್ಯಾ?"

"ಪದಕ ಬಂದಿದೆ. ನಿನ್ನ ಹೊತ್ತಿದ್ದಕ್ಕೆ."

"ಹೊತ್ತಿದ್ದಕ್ಕಾ! ಹೊಳೆ ಉದ್ದಕ್ಕೂ 'ಎಷ್ಟು ಭಾರ ಇದೀಯೋ ಹಂದಿ' ಅಂತ ಬೈದ್ಯಲ್ಲ, ಅದಕ್ಕೇನು ಕೊಟ್ರು?"

"ಅದು ಇನ್ನೂ ಬರಬೇಕು. ಈಗ ನಡೆದು ಬರ್ತೀಯೋ, ಮತ್ತೆ ಹೊತ್ಕೊಂಡೇ ಹೋಗ್ಲೋ?"

ಕೊಂದ್ರಾತ್ ನಗಬಾರದೆಂದು ಮೀಸೆ ಕಚ್ಚಿದ. ಆಗಲಿಲ್ಲ. ಕೊಡಲಿಯನ್ನು ದಿಮ್ಮಿಗೆ ಹೊಡೆದು ನಿಲ್ಲಿಸಿ, ಬೇಲಿಯ ಬಾಗಿಲು ದೂಡಿಕೊಂಡು ಕುಂಟುತ್ತ ಬಂದ. ಬಾಗಿಲು ಹಾಗೇ ತೆರೆದೇ ಉಳಿಯಿತು.

ಸೇಬಿನ ಮರದ ಕೆಳಗೆ ಯಾದ್ವಿಗಾ ಲೋಟ ತಂದಿಟ್ಟಳು. ಪದಕ ತಳ ಸೇರಿತು. ಕೊಂದ್ರಾತ್ ಕಂಠಮಟ್ಟ ಸಾರಾಯಿ ಸುರಿದ. "ನೆನಪಿದೆ ತಾನೇ? ಒಂದೇ ಉಸಿರಿಗೆ ಕುಡಿದು ಪದಕವನ್ನ ಹಲ್ಲಲ್ಲಿ ಹಿಡೀಬೇಕು. ನಾನು ತೆಗೆದು ಚುಚ್ಚೋವರೆಗೂ ಬಾಯಿ ಬಿಡೋ ಹಾಗಿಲ್ಲ."

ತಿಮೋಖ್ ಎತ್ತಿ ಕುಡಿದ. ಕಣ್ಣಲ್ಲಿ ನೀರು ಬಂತು. ಸಾರಾಯಿಗೋ ಬೇರೆ ಯಾತಕ್ಕೋ, ಅವನಿಗೂ ತಿಳಿಯಲಿಲ್ಲ. ಪದಕವನ್ನು ಹಲ್ಲಲ್ಲಿ ಕಚ್ಚಿ, ಎದೆ ಸೆಟೆಸಿ ನಿಂತ. ಆಗಲೇ ಕಂಡದ್ದು: ಕೊಂದ್ರಾತನ ಬೆನ್ನ ಹಿಂದೆ, ತೆರೆದ ಬಾಗಿಲಲ್ಲಿ ಎರಡು ಕೋಡು, ಒಂದು ಗಡ್ಡ, ಆಮೇಲೆ ಇಡೀ ಆಡು. ನೇರ ಕೋಸಿನ ಮಡಿಗೇ ನಡೆಯಿತು.

"ಊಂ! ಊಂಊಂ!"

ಕೊಂದ್ರಾತ್ ಹಿಂದೆ ತಿರುಗಿ ನೋಡಿದ. ಸಾವಧಾನವಾಗಿ ಇತ್ತ ತಿರುಗಿದ.

"ಬಾಯಿ ಬಿಡಬೇಡ ಮಾರಾಯ, ತೊಳೆದದ್ದೆಲ್ಲ ದಂಡ ಆಗುತ್ತೆ," ಎಂದು ಜೇಬಿನಿಂದ ಕನ್ನಡಕ ತೆಗೆದು, ಉಸಿರು ಊದಿ, ಒಂದೊಂದೇ ಗಾಜನ್ನು ಒರೆಸತೊಡಗಿದ.